ಶಾಲೆಗೆ ಮರಳುವ ಮಕ್ಕಳು: ಮೊದಲ ತಿಂಗಳ ಹೊಣೆ

ಕರ್ನಾಟಕದ ಶಾಲೆಗಳಲ್ಲಿ ಏಪ್ರಿಲ್ ಎರಡನೆಯ ವಾರದ ಸುಮಾರಿಗೆ ಆರಂಭವಾಗುವ ಬೇಸಿಗೆ ರಜೆ ಸಾಮಾನ್ಯವಾಗಿ ಮೇ ಕೊನೆಯ ವಾರದವರೆಗೆ ನಡೆದು, ಮುಂಗಾರು ಕಾಲಿಡುವ ಹೊತ್ತಿಗೆ ಶಾಲೆಗಳ ಬಾಗಿಲು ಮತ್ತೆ ತೆರೆಯುತ್ತದೆ. ಸರ್ಕಾರಿ ಶಾಲೆಗಳಲ್ಲಿ ತಳಿರುತೋರಣ ಕಟ್ಟಿ, ಸಿಹಿಯೂಟ ಬಡಿಸಿ, ಪಠ್ಯಪುಸ್ತಕಗಳನ್ನು ಕೈಗಿತ್ತು ಪ್ರಾರಂಭೋತ್ಸವ ನಡೆಸುವುದು ರೂಢಿಯಾಗಿದೆ. ಮನೆಗಳಲ್ಲಿ ಸಮವಸ್ತ್ರ, ಬೂಟು, ನೋಟ್‌ಬುಕ್, ಕೊಡೆಗಳ ಖರೀದಿ ನಡೆಯುತ್ತದೆ. ಇವೆಲ್ಲವೂ ಬೇಕಾದ ಸಿದ್ಧತೆಗಳೇ ಆದರೂ ಇವುಗಳ ಗಮನವೆಲ್ಲ ಮೊದಲ ದಿನದ ಮೇಲಿರುತ್ತದೆ. ಆದರೆ ಬದಲಾದ ನಿದ್ದೆಯ ಹೊತ್ತು, ಅರ್ಧ ಮರೆತ ಲೆಕ್ಕ, ಹೊಸ ಶಿಕ್ಷಕರು, ಬೇರೆ ಊರಿನ ಪ್ರೌಢಶಾಲೆ, ಪಿಯುಸಿಗೆ ಬಂದೊಡನೆ ಎದುರಾಗುವ ಇಂಗ್ಲಿಷ್ ಪಾಠ ಇವು ಯಾವುವೂ ಒಂದು ದಿನದಲ್ಲಿ ಹೊಂದಿಕೆಯಾಗುವ ಸಂಗತಿಗಳಲ್ಲ.

ಶಾಲೆಗೆ ಮರಳುವುದನ್ನು ಕೆಲವು ವಾರಗಳ ಕ್ರಿಯೆಯೆಂದು ತಿಳಿದಾಗ ಹಿರಿಯರ ಕೆಲಸದ ಸ್ವರೂಪವೂ ಬದಲಾಗುತ್ತದೆ. ಮೊದಲ ತಿಂಗಳು ಮಗುವಿನ ಬಗ್ಗೆ ತೀರ್ಪು ಕೊಡುವ ಕಾಲವಾಗಿರದೆ ಮಗುವನ್ನು ಅರಿಯುವ ಕಾಲವಾಗಬೇಕು. ಆರು ವರ್ಷದ ಮಗು ದಾಟುತ್ತಿರುವ ಹೊಸ್ತಿಲು ಬೇರೆ, ಹದಿಮೂರರ ಹುಡುಗಿ ದಾಟುವುದು ಬೇರೆ, ಹದಿನಾರರ ಹುಡುಗ ದಾಟುವುದು ಬೇರೆ ಎಂಬುದನ್ನು ಗುರುತಿಸಿದರೆ ಮಾತ್ರ ಕೊಡುವ ನೆರವು ತಕ್ಕ ಜಾಗಕ್ಕೆ ತಲುಪುತ್ತದೆ.

ಮೊದಲು ನಿದ್ದೆಯ ಲೆಕ್ಕ

ಮನುಷ್ಯನ ನಿದ್ದೆ ಮತ್ತು ಎಚ್ಚರವನ್ನು ಮೆದುಳಿನ ಒಂದು ವ್ಯವಸ್ಥೆ ಸುಮಾರು 24 ಗಂಟೆಗಳ ಆವರ್ತದಲ್ಲಿ ನಡೆಸುತ್ತದೆ. ಇದನ್ನು ಜೈವಿಕ ಗಡಿಯಾರ ಎಂದು ಕರೆಯುತ್ತಾರೆ. ಕತ್ತಲಾದ ಮೇಲೆ ಮೆದುಳಿನ ಪೀನಿಯಲ್ ಗ್ರಂಥಿಯಿಂದ ಮೆಲಟೋನಿನ್ ಎಂಬ ಹಾರ್ಮೋನು ಹೆಚ್ಚು ಸ್ರವಿಸತೊಡಗಿ, ಮಲಗುವ ಹೊತ್ತಾಯಿತೆಂಬ ಸೂಚನೆ ದೇಹಕ್ಕೆ ಸಿಗುತ್ತದೆ. ರಜೆಯಲ್ಲಿ ತಡರಾತ್ರಿಯವರೆಗೆ ಟಿವಿ, ಮೊಬೈಲ್‌ಗಳ ಬೆಳಕಿನಲ್ಲಿ ಕಾಲ ಕಳೆದು ಬೆಳಿಗ್ಗೆ ತಡವಾಗಿ ಏಳುವ ಮಗುವಿನಲ್ಲಿ ಈ ಗಡಿಯಾರವೇ ಹಿಂದಕ್ಕೆ ಸರಿದಿರುತ್ತದೆ. ಶಾಲೆ ಆರಂಭವಾದ ದಿನ ಗದರಿಸಿ ಎಬ್ಬಿಸಿದ ಮಾತ್ರಕ್ಕೆ ಅದು ಮುಂದಕ್ಕೆ ಬರುವುದಿಲ್ಲ.

ಹದಿಹರೆಯದವರಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಕೂಡಿಕೊಳ್ಳುತ್ತದೆ. ಪ್ರೌಢಾವಸ್ಥೆಗೆ ಬರುವ ಮಕ್ಕಳಲ್ಲಿ ಮೆಲಟೋನಿನ್ ಸ್ರವಿಸುವ ಹೊತ್ತೇ ರಾತ್ರಿ ತಡವಾಗುತ್ತದೆ ಎಂಬುದನ್ನು ಅಮೆರಿಕದ ನಿದ್ರಾ ವಿಜ್ಞಾನಿ ಮೇರಿ ಕಾರ್ಸ್ಕಡಾನ್ ಮತ್ತು ಅವರ ಸಂಗಡಿಗರ ಸಂಶೋಧನೆಗಳು ತೋರಿಸಿಕೊಟ್ಟಿವೆ. ಹಾಗಾಗಿ ಒಂಬತ್ತನೆಯ ತರಗತಿಯ ವಿದ್ಯಾರ್ಥಿಗೆ ರಾತ್ರಿ ಹತ್ತಕ್ಕೆ ನಿದ್ದೆ ಬಾರದಿರುವುದನ್ನೂ ಬೆಳಿಗ್ಗೆ ಆರಕ್ಕೆ ಕಣ್ಣು ತೆರೆಯಲಾಗದಿರುವುದನ್ನೂ ಸೋಮಾರಿತನವೆಂದು ಹಳಿಯುವುದು ಅರ್ಧ ಸತ್ಯವೇ ಆಗುತ್ತದೆ. ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2016ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಬೆಳಿಗ್ಗೆ ಐದಕ್ಕೆ ಎದ್ದು ಟ್ಯೂಷನ್‌ಗೆ ಹೋಗಿ, ಸಂಜೆ ಮತ್ತೊಂದು ಟ್ಯೂಷನ್ ಮುಗಿಸಿ, ಹನ್ನೊಂದಕ್ಕೆ ಮಲಗುವ ಎಸ್ಎಸ್ಎಲ್‌ಸಿ ವಿದ್ಯಾರ್ಥಿಗೆ ಸಿಗುವುದು ಆರೇ ಗಂಟೆ.

ಇದಕ್ಕೆ ಪರಿಹಾರ ದುಬಾರಿಯದೇನೂ ಅಲ್ಲ. ಶಾಲೆ ತೆರೆಯುವುದಕ್ಕೆ ವಾರ, ಹತ್ತು ದಿನ ಮೊದಲಿನಿಂದ ಮಲಗುವ ಮತ್ತು ಏಳುವ ಹೊತ್ತನ್ನು ದಿನಕ್ಕೆ ಹದಿನೈದು ನಿಮಿಷದಂತೆ ಬೇಗ ಮಾಡುತ್ತ ಬರುವುದು, ಎದ್ದೊಡನೆ ಸ್ವಲ್ಪ ಹೊತ್ತು ಬಯಲಿನ ಬೆಳಕಿಗೆ ಮೈಯೊಡ್ಡುವುದು, ಮೊಬೈಲ್ ಅನ್ನು ರಾತ್ರಿ ಮಲಗುವ ಕೋಣೆಯ ಹೊರಗೆ ಚಾರ್ಜಿಗೆ ಹಾಕುವುದು, ಭಾನುವಾರವೂ ಏಳುವ ಹೊತ್ತನ್ನು ತೀರ ಬದಲಿಸದಿರುವುದು ಈ ನಾಲ್ಕು ಅಭ್ಯಾಸಗಳು ಸಾಕು. ಶಾಲೆ ಈಗಾಗಲೇ ತೆರೆದಿದ್ದರೂ ಏಳುವ ಹೊತ್ತನ್ನು ಗಟ್ಟಿಯಾಗಿ ಹಿಡಿದರೆ ಮಲಗುವ ಹೊತ್ತು ಕ್ರಮೇಣ ತಾನಾಗಿ ಸರಿಹೋಗುತ್ತದೆ. ಆದರೆ ಮನೆಯ ದೊಡ್ಡವರು ಹನ್ನೆರಡರವರೆಗೆ ಮೊಬೈಲ್ ನೋಡುತ್ತ ಮಕ್ಕಳಿಗೆ ಮಾತ್ರ ಮಲಗಲು ಹೇಳಿದರೆ ಈ ನಿಯಮ ನಿಲ್ಲುವುದಿಲ್ಲ.

ಮರೆತದ್ದನ್ನು ಪತ್ತೆ ಹಚ್ಚುವುದು

ದೀರ್ಘ ರಜೆಯ ನಂತರ ಮಕ್ಕಳು ಕಲಿತದ್ದರಲ್ಲಿ ಕೊಂಚ ಭಾಗವನ್ನು ಮರೆತಿರುತ್ತಾರೆ ಎಂಬುದು ಶಿಕ್ಷಕರ ದಿನನಿತ್ಯದ ಅನುಭವ. ಅಮೆರಿಕದ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 1996ರಲ್ಲಿ ಈ ವಿಷಯದ 39 ಅಧ್ಯಯನಗಳನ್ನು ಪರಾಮರ್ಶಿಸಿ, ಬೇಸಿಗೆ ರಜೆಯಲ್ಲಿ ಆಗುವ ನಷ್ಟ ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ಎಂದೂ, ಓದಿಗಿಂತ ಗಣಿತದಲ್ಲಿ, ಅದರಲ್ಲೂ ಲೆಕ್ಕ ಮಾಡುವ ಕ್ರಮದಲ್ಲಿ, ನಷ್ಟ ಹೆಚ್ಚೆಂದೂ ಹೇಳಿದರು. ಅಲ್ಲಿನ ರಜೆ ಇಲ್ಲಿಯದಕ್ಕಿಂತ ಉದ್ದವಾದದ್ದು. ನಷ್ಟದ ಪ್ರಮಾಣದ ಬಗ್ಗೆ ಮುಂದಿನ ಸಂಶೋಧಕರಲ್ಲಿ ಭಿನ್ನಾಭಿಪ್ರಾಯವೂ ಇದೆ. ಆದರೂ ಬಳಸದ ಕೌಶಲ ಮಸುಕಾಗುತ್ತದೆ, ಮನೆಯಲ್ಲಿ ಓದುವ ಬರೆಯುವ ಅವಕಾಶ ಕಡಿಮೆಯಿರುವ ಮಗುವಿನಲ್ಲಿ ಅದು ಬೇಗ ಮಸುಕಾಗುತ್ತದೆ ಎಂಬ ಮಾತು ಕರ್ನಾಟಕದ ತರಗತಿಗೂ ಸಲ್ಲುತ್ತದೆ.

ಇದರ ತೀವ್ರ ರೂಪ ಕೋವಿಡ್ ಕಾಲದಲ್ಲಿ ಕಂಡಿತು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳು ಕರ್ನಾಟಕದಲ್ಲಿ ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ತೆರೆದದ್ದು 2021ರ ಅಕ್ಟೋಬರ್ ಕೊನೆಯ ವಾರದಲ್ಲಿ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 1,137 ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಅಧ್ಯಯನ ಮಾಡಿದಾಗ, ಅವರಲ್ಲಿ ಶೇ 92ರಷ್ಟು ಮಂದಿ ಹಿಂದಿನ ವರ್ಷ ತಮಗಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನೂ, ಶೇ 82ರಷ್ಟು ಮಂದಿ ಗಣಿತದ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನೂ ಕಳೆದುಕೊಂಡಿದ್ದರು. ಈ ಕೊರತೆಯನ್ನು ತುಂಬಲೆಂದೇ ಶಿಕ್ಷಣ ಇಲಾಖೆ 2022–23ನ್ನು ಕಲಿಕಾ ಚೇತರಿಕೆಯ ವರ್ಷವೆಂದು ಘೋಷಿಸಿ, ಮಕ್ಕಳು ಇರುವ ಹಂತದಿಂದ ಮೇಲಕ್ಕೆ ಕರೆದೊಯ್ಯುವ ಕಲಿಕಾ ಹಾಳೆಗಳನ್ನು ರೂಪಿಸಿತು. ಅಂದು ಪುಟ್ಟ ತರಗತಿಗಳಲ್ಲಿದ್ದವರೇ ಇಂದು ಮೇಲಿನ ತರಗತಿಗಳಿಗೆ ಬಂದಿದ್ದಾರೆ. ಎಂಟನೆಯ ತರಗತಿಯ ವಿದ್ಯಾರ್ಥಿಗೆ ಭಾಗಾಕಾರ ತೊಡಕೆನಿಸಿದರೆ ಆ ತೊಡಕಿನ ಮೂಲ ಹಿಂದಿನ ವರ್ಷದಲ್ಲಿರದೆ ಮೂರನೆಯ ತರಗತಿಯಲ್ಲಿರಬಹುದು.

ಈ ಕೊರತೆಯನ್ನು ಗುರುತಿಸಲು ರಾಜ್ಯದ ಶಾಲೆಗಳಲ್ಲಿ ಮೊದಲಿನಿಂದ ಇರುವ ಉಪಾಯ ಸೇತುಬಂಧ. ಹಿಂದಿನ ತರಗತಿಯ ಕಲಿಕೆಗೂ ಈ ವರ್ಷದ ಪಾಠಕ್ಕೂ ನಡುವಿನ ಅಂತರವನ್ನು ಕಟ್ಟುವ ಈ ಕಾರ್ಯಕ್ರಮದಲ್ಲಿ ಮೊದಲು ನೈದಾನಿಕ ಪರೀಕ್ಷೆ ನಡೆಯುತ್ತದೆ. ಅಂದರೆ ಅಂಕ ಕೊಡುವ ಬದಲು ಯಾವ ಸಾಮರ್ಥ್ಯ ಬಂದಿದೆ, ಯಾವುದು ಬಂದಿಲ್ಲ ಎಂಬುದನ್ನು ಪತ್ತೆ ಹಚ್ಚುವ ಪರೀಕ್ಷೆ. ಅದರ ಆಧಾರದ ಮೇಲೆ ಪರಿಹಾರ ಬೋಧನೆ, ಕೊನೆಗೆ ಸಾಫಲ್ಯ ಪರೀಕ್ಷೆ ನಡೆಯುತ್ತವೆ. ಇಷ್ಟು ಸರಿಯಾದ ತಳಹದಿಯ ಕ್ರಮವೂ ದಾಖಲೆ ತುಂಬುವ ಕೆಲಸವಾಗಿ ಉಳಿದರೆ ವ್ಯರ್ಥ. ಪಠ್ಯ ಮುಗಿಸುವ ಅವಸರದಲ್ಲಿ ಜೂನ್ ತಿಂಗಳನ್ನು ಉಳಿಸಲು ಹೋಗುವ ಶಾಲೆ ವರ್ಷವಿಡೀ ಅದರ ಬೆಲೆ ತೆರಬೇಕಾಗುತ್ತದೆ, ಏಕೆಂದರೆ ಭಿನ್ನರಾಶಿ ತಿಳಿಯದ ಮಗುವಿಗೆ ಶೇಕಡಾವಾರು, ಬಡ್ಡಿ, ಅನುಪಾತ ಯಾವುದೂ ತಿಳಿಯುವುದಿಲ್ಲ.

ಪೋಷಕರು ಈ ಹಂತದಲ್ಲಿ ಮಾಡಬಹುದಾದ ಒಳ್ಳೆಯ ಕೆಲಸವೆಂದರೆ ನೈದಾನಿಕ ಪರೀಕ್ಷೆಯಲ್ಲಿ ಎಷ್ಟು ಅಂಕ ಬಂತೆಂದು ಕೇಳದೆ, ಮಗು ಎಲ್ಲಿ ನಿಂತಿದೆಯೆಂದು ಶಿಕ್ಷಕರನ್ನು ಕೇಳುವುದು. ಓದುಬರಹ ತಿಳಿಯದ ಪೋಷಕರೂ ಮಗುವಿನಿಂದ ದಿನಕ್ಕೊಂದು ಪುಟ ಗಟ್ಟಿಯಾಗಿ ಓದಿಸಿ ಕೇಳಬಹುದು, ಅಂಗಡಿಯ ಚೀಟಿಯ ಲೆಕ್ಕವನ್ನು ಮಗುವಿನಿಂದಲೇ ಕೂಡಿಸಬಹುದು. ಕೇಳುವ ಕಿವಿ ಮನೆಯಲ್ಲಿದೆ ಎಂದು ತಿಳಿದ ಮಗು ಹೆಚ್ಚು ಓದುತ್ತದೆ.

ಒಂದನೆಯ ತರಗತಿ: ಅಗಲಿಕೆ ಮತ್ತು ಹೊಸ ಭಾಷೆ

ಮೊದಲ ಬಾರಿ ಶಾಲೆಗೆ ಹೋಗುವ ಮಗು ಗೇಟಿನ ಬಳಿ ಅಳುವುದು ಸಹಜ ಬೆಳವಣಿಗೆಯ ಭಾಗ. ತನ್ನನ್ನು ನೋಡಿಕೊಳ್ಳುವವರಿಂದ ದೂರವಾಗುವಾಗ ಮಗುವಿನಲ್ಲಿ ಮೂಡುವ ಭಯವನ್ನು ಅಗಲಿಕೆಯ ಆತಂಕ ಎನ್ನುತ್ತಾರೆ. ಮಗು ಮತ್ತು ಪೋಷಕರ ನಡುವಿನ ಭಾವಬಂಧವನ್ನು ಕುರಿತ ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿಯವರ ಚಿಂತನೆಯ ಪ್ರಕಾರ, ಹಿರಿಯರು ಮರಳಿ ಬರುತ್ತಾರೆಂಬ ಭರವಸೆ ಗಟ್ಟಿಯಾಗಿರುವ ಮಗು ಹೊಸ ಜಾಗವನ್ನು ಧೈರ್ಯವಾಗಿ ಅನ್ವೇಷಿಸುತ್ತದೆ. ಹಾಗಾಗಿ ಮಗುವಿನ ಕಣ್ಣು ತಪ್ಪಿಸಿ ಹೊರಟುಬಿಡುವುದು ಆ ಹೊತ್ತಿಗೆ ಅನುಕೂಲವೆನಿಸಿದರೂ ಮರುದಿನದ ಭಯವನ್ನು ಹೆಚ್ಚಿಸುತ್ತದೆ; ‘ಊಟ ಆದ ಮೇಲೆ, ಗಂಟೆ ಹೊಡೆದಾಗ ಅಜ್ಜಿ ಬರ್ತಾರೆ’ ಎಂದು ಮಗುವಿಗೆ ತಿಳಿಯುವ ಗುರುತಿನಲ್ಲಿ ಹೇಳಿ, ಚಿಕ್ಕದಾಗಿ ಬೀಳ್ಕೊಟ್ಟು, ಹೇಳಿದ ಹೊತ್ತಿಗೆ ತಪ್ಪದೆ ಬರುವುದು ಭರವಸೆಯನ್ನು ಬೆಳೆಸುತ್ತದೆ. ತಾಯಿತಂದೆಯರು ತಾವೇ ಕಣ್ಣೀರಿಡುತ್ತ ಗೇಟಿನ ಬಳಿ ನಿಂತರೆ ಆ ಜಾಗ ಭಯಪಡಬೇಕಾದದ್ದೆಂದು ಮಗು ಅರ್ಥ ಮಾಡಿಕೊಳ್ಳುತ್ತದೆ.

ಶಾಲೆಯೂ ಮಗುವಿಗೆ ತಕ್ಕಂತೆ ಸಿದ್ಧವಾಗಬೇಕು. ರಾಷ್ಟ್ರೀಯ ಶಿಕ್ಷಣ ನೀತಿಯ ಅನ್ವಯ 2021ರಲ್ಲಿ ರೂಪುಗೊಂಡ ವಿದ್ಯಾಪ್ರವೇಶ ಎಂಬ ಮೂರು ತಿಂಗಳ ಕಾರ್ಯಕ್ರಮ ಒಂದನೆಯ ತರಗತಿಯ ಆರಂಭವನ್ನು ಆಟ, ಹಾಡು, ಕತೆ, ಮಾತುಕತೆಗಳ ಮೂಲಕ ನಡೆಸಬೇಕೆಂದು ಹೇಳುತ್ತದೆ. ಇದಕ್ಕೂ ಬಹಳ ಮೊದಲು, 1990ರ ದಶಕದ ನಡುವಿನಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶಿಕ್ಷಕರೇ ಮುಂದಾಗಿ ಬೆಳೆಸಿದ ನಲಿಕಲಿ ಪದ್ಧತಿ, ಕಲಿಕಾ ಕಾರ್ಡು ಮತ್ತು ಕಲಿಕಾ ಏಣಿಗಳ ನೆರವಿನಿಂದ ಪ್ರತಿ ಮಗುವೂ ತನ್ನ ವೇಗದಲ್ಲಿ ಮುಂದೆ ಹೋಗುವಂತೆ ಮಾಡಿತ್ತು. ಕೆಲವು ದಿನ ತಪ್ಪಿಸಿಕೊಂಡು ಬಂದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದೆಂಬುದು ಇದರ ದೊಡ್ಡ ಅನುಕೂಲ.

ಕರ್ನಾಟಕದಲ್ಲಿ ಈ ಹೊಸ್ತಿಲಿಗೆ ಭಾಷೆಯ ಎತ್ತರವೂ ಸೇರಿದೆ. ಮನೆಯಲ್ಲಿ ತುಳು, ಕೊಂಕಣಿ, ಕೊಡವ, ಬ್ಯಾರಿ, ಉರ್ದು, ಲಂಬಾಣಿ, ತೆಲುಗು, ಮರಾಠಿ ಆಡುವ ಅಸಂಖ್ಯ ಮಕ್ಕಳಿಗೆ ಶಾಲೆಯ ಕನ್ನಡ ಹೊಸದು. ಕನ್ನಡದ ಮನೆಯಿಂದ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವ ಮಗುವಿಗೆ ತರಗತಿಯ ಮಾತೇ ಹೊಸದು. ಇಂಥ ಮಗು ಮೊದಲ ಕೆಲವು ವಾರ ಮೌನವಾಗಿದ್ದರೆ ಅದನ್ನು ದಡ್ಡತನವೆಂದು ಬಗೆಯಬಾರದು, ಏಕೆಂದರೆ ಆ ಮೌನದಲ್ಲಿ ಅದು ಹೊಸ ಭಾಷೆಯನ್ನು ಆಲಿಸುತ್ತಿರುತ್ತದೆ. ಬಾಯಾರಿದೆ, ಹೊಟ್ಟೆ ನೋವು, ಶೌಚಕ್ಕೆ ಹೋಗಬೇಕು ಎಂಬಷ್ಟನ್ನು ಮಗು ತನ್ನ ಮನೆಮಾತಿನಲ್ಲಿ ಹೇಳಿದರೂ ಅರ್ಥವಾಗುವಂತೆ ಶಿಕ್ಷಕರು ಆ ನಾಲ್ಕಾರು ಮಾತುಗಳನ್ನು ಕಲಿತುಕೊಂಡರೆ ಅರ್ಧ ಭಯ ಅಲ್ಲೇ ಕರಗುತ್ತದೆ.

ಎಂಟನೆಯ ತರಗತಿ: ಊರಿನಾಚೆಯ ಶಾಲೆ

ರಾಜ್ಯದ ಬಹಳಷ್ಟು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳು ಏಳನೆಯ ತರಗತಿಗೆ ನಿಲ್ಲುವುದರಿಂದ, ಎಂಟನೆಯ ತರಗತಿಗೆ ಮಕ್ಕಳು ಪಕ್ಕದ ಊರಿನ ಅಥವಾ ಹೋಬಳಿ ಕೇಂದ್ರದ ಪ್ರೌಢಶಾಲೆಗೆ ಹೋಗಬೇಕಾಗುತ್ತದೆ. ತನ್ನ ಮನೆಯವರನ್ನೆಲ್ಲ ಬಲ್ಲ ಒಬ್ಬಿಬ್ಬರು ಶಿಕ್ಷಕರಿದ್ದ ಶಾಲೆಯಿಂದ, ವಿಷಯಕ್ಕೊಬ್ಬರಂತೆ ಶಿಕ್ಷಕರು ಬದಲಾಗುವ ದೊಡ್ಡ ಶಾಲೆಗೆ ಬಂದ ಮಗುವಿಗೆ ಯಾರ ಬಳಿ ಏನು ಹೇಳಿಕೊಳ್ಳಬೇಕೆಂಬುದೇ ಮೊದಲ ಸಮಸ್ಯೆ. ಇದೇ ಹೊತ್ತಿಗೆ ದೇಹವೂ ಬದಲಾಗುತ್ತಿರುತ್ತದೆ. ಗೆಳೆಯರ ಒಪ್ಪಿಗೆ ಮನೆಯವರ ಮೆಚ್ಚುಗೆಗಿಂತ ಮುಖ್ಯವಾಗುತ್ತದೆ. ಯೋಜನೆ, ಸಂಯಮ, ವಿವೇಚನೆಗಳನ್ನು ನೋಡಿಕೊಳ್ಳುವ ಮೆದುಳಿನ ಮುಂಭಾಗವಾದರೋ ಇಪ್ಪತ್ತರ ಹರೆಯದ ನಡುವಿನವರೆಗೂ ಬಲಿಯುತ್ತಲೇ ಇರುತ್ತದೆ. ಹೊಸ ವೇಳಾಪಟ್ಟಿ, ಹತ್ತಾರು ನೋಟ್‌ಬುಕ್ಕುಗಳನ್ನು ಸರಿದೂಗಿಸಲು ಈ ವಯಸ್ಸಿನ ಮಗು ತಡವರಿಸುವುದಕ್ಕೆ ಇದೂ ಒಂದು ಕಾರಣವಾದ್ದರಿಂದ, ಕೆಲಸಗಳನ್ನು ಪಟ್ಟಿ ಮಾಡಿ ಗೋಡೆಗೆ ಅಂಟಿಸಿಕೊಳ್ಳುವಂಥ ಸರಳ ನೆರವು ದೀರ್ಘ ಉಪದೇಶಕ್ಕಿಂತ ಉಪಯುಕ್ತ.

ದಾರಿಯೂ ಒಂದು ಪಾಠವೇ ಆಗುವ ವಯಸ್ಸಿದು. ಎಂಟನೆಯ ತರಗತಿಗೆ ಸೇರಿದವರಿಗೆ ಸೈಕಲ್ ಕೊಡುವ ಯೋಜನೆಯನ್ನು ಕರ್ನಾಟಕ ಸರ್ಕಾರ 2006–07ರಲ್ಲಿ ಆರಂಭಿಸಿದ್ದರ ಹಿಂದೆ, ಪ್ರೌಢಶಾಲೆಯ ದೂರವೇ ಅನೇಕರ, ವಿಶೇಷವಾಗಿ ಹೆಣ್ಣುಮಕ್ಕಳ, ಓದನ್ನು ನಿಲ್ಲಿಸುತ್ತದೆಂಬ ಅರಿವಿತ್ತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಹುಡುಗಿಯರು ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಹೋಗಬಹುದಾದರೂ ಬಸ್ಸೇ ಬಾರದ ಊರುಗಳ ಪ್ರಶ್ನೆ ಉಳಿಯುತ್ತದೆ. ಮಲೆನಾಡಿನಲ್ಲಿ ಶಾಲೆ ತೆರೆದ ವಾರಗಳಲ್ಲೇ ಹಳ್ಳಗಳು ತುಂಬಿ, ಕಾಲುಸಂಕ ದಾಟುವುದು ಅಪಾಯವಾಗುತ್ತದೆ. ಶಾಲೆ ತೆರೆಯುವ ಮೊದಲೇ ಪೋಷಕರು ಮಗುವಿನೊಂದಿಗೆ ಒಮ್ಮೆ ಆ ದಾರಿಯಲ್ಲಿ ಹೋಗಿ ಬಂದು, ಅದೇ ಊರಿನ ಹಿರಿಯ ವಿದ್ಯಾರ್ಥಿಗಳ ಜೊತೆ ಮಾಡಿಸಿ, ಬಸ್ಸು ತಪ್ಪಿದರೆ ಯಾರಿಗೆ ಕರೆ ಮಾಡಬೇಕೆಂದು ತಿಳಿಸಿದ್ದರೆ ಮಗುವಿನ ಧೈರ್ಯ ಹೆಚ್ಚುತ್ತದೆ. ಮುಟ್ಟಿನ ಬಗ್ಗೆ ಮೊದಲೇ ತಿಳಿಹೇಳಿ, ಚೀಲದಲ್ಲಿ ಪ್ಯಾಡ್ ಇಟ್ಟು, ಶಾಲೆಯಲ್ಲಿ ಯಾವ ಶಿಕ್ಷಕಿಯನ್ನು ಕೇಳಬಹುದೆಂದು ಹೇಳುವುದೂ ಹೆಣ್ಣುಮಕ್ಕಳ ಸಿದ್ಧತೆಯ ಭಾಗ. ನೀರಿರುವ, ಚಿಲಕವಿರುವ ಶೌಚಾಲಯ ಇದೆಯೇ ಎಂದು ನೋಡುವುದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ, ಜೂನ್ ತಿಂಗಳ ಮೊದಲ ಕೆಲಸವಾಗಬೇಕು.

ಇದಕ್ಕಿಂತ ಮೊದಲೇ, ಆರನೆಯ ತರಗತಿಗೆ, ಮನೆಬಿಟ್ಟು ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೂ ನವೋದಯಕ್ಕೂ ಸೇರುವ ಮಕ್ಕಳ ಕಷ್ಟ ಮನೆಯ ನೆನಪು. ಅವರಿಗೆ ಯಾವ ದಿನ, ಯಾವ ಹೊತ್ತಿಗೆ ಮನೆಯ ಕರೆ ಬರುತ್ತದೆಂಬುದು ಖಚಿತವಾಗಿರಬೇಕು. ‘ಬೇಡವಾದರೆ ನಾಳೆಯೇ ಕರೆದುಕೊಂಡು ಬರ್ತೇವೆ’ ಎಂಬ ಮಾತಾಗಲೀ ‘ಅತ್ತರೆ ಯಾರೂ ಬರೋದಿಲ್ಲ’ ಎಂಬ ಮಾತಾಗಲೀ ಆ ಮಗುವಿಗೆ ನೆರವಾಗುವುದಿಲ್ಲ.

ಪಿಯುಸಿ: ಮಾಧ್ಯಮದ ಜಿಗಿತ

ಎಸ್ಎಸ್ಎಲ್‌ಸಿಯವರೆಗೆ ಕನ್ನಡದಲ್ಲಿ ಓದಿ ಪಿಯುಸಿಯಲ್ಲಿ ವಿಜ್ಞಾನವನ್ನು ಆರಿಸಿಕೊಂಡ ವಿದ್ಯಾರ್ಥಿಯ ಕಷ್ಟ ಕರ್ನಾಟಕದಲ್ಲಿ ಹಳೆಯದು. ಆತನಿಗೆ ವೇಗೋತ್ಕರ್ಷ ಗೊತ್ತು, ಆಕ್ಸಿಲರೇಶನ್ ಗೊತ್ತಿಲ್ಲ. ಆಕೆಗೆ ದ್ಯುತಿಸಂಶ್ಲೇಷಣೆ ಗೊತ್ತು, ಫೋಟೋಸಿಂಥೆಸಿಸ್ ಗೊತ್ತಿಲ್ಲ. ಪರಿಕಲ್ಪನೆ ತಿಳಿದಿದ್ದೂ ಹೆಸರು ತಿಳಿಯದ ಈ ಸ್ಥಿತಿಯನ್ನು ವಿದ್ಯಾರ್ಥಿ ತನ್ನ ಬುದ್ಧಿಯ ಕೊರತೆಯೆಂದು ತಪ್ಪಾಗಿ ತಿಳಿದಾಗ, ಹತ್ತನೆಯಲ್ಲಿ ಶೇ 90 ಪಡೆದವರೂ ಕೆಲವೇ ವಾರಗಳಲ್ಲಿ ಕಾಲೇಜಿನಿಂದ ಹಿಂದೆ ಸರಿಯುತ್ತಾರೆ. ಎಸ್ಎಸ್ಎಲ್‌ಸಿ ಫಲಿತಾಂಶಕ್ಕೂ ಕಾಲೇಜು ಆರಂಭಕ್ಕೂ ನಡುವೆ ಸಿಗುವ ವಾರಗಳಲ್ಲಿ ಒಂಬತ್ತು, ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕಗಳ ಇಂಗ್ಲಿಷ್ ಆವೃತ್ತಿಯನ್ನು ಕನ್ನಡ ಆವೃತ್ತಿಯ ಪಕ್ಕದಲ್ಲಿಟ್ಟುಕೊಂಡು ಓದುವುದು ಇದಕ್ಕೆ ಸುಲಭದ ದಾರಿ, ಏಕೆಂದರೆ ಗೊತ್ತಿರುವ ವಿಷಯವನ್ನು ಹೊಸ ಭಾಷೆಯಲ್ಲಿ ಓದುವುದು ಹೊಸ ವಿಷಯವನ್ನು ಹೊಸ ಭಾಷೆಯಲ್ಲಿ ಓದುವುದಕ್ಕಿಂತ ಬಹಳ ಹಗುರ. ಉಪನ್ಯಾಸಕರು ಮೊದಲ ತಿಂಗಳು ಎರಡೂ ಪದಗಳನ್ನು ಹಲಗೆಯ ಮೇಲೆ ಬರೆದರೆ ಪಾಠದ ವೇಗವೇನೂ ಕುಗ್ಗುವುದಿಲ್ಲ.

ವಿಭಾಗದ ಆಯ್ಕೆಯ ಒತ್ತಡವೂ ಈ ಹಂತದಲ್ಲೇ ಬರುತ್ತದೆ. ನೀಟ್, ಸಿಇಟಿ, ಜೆಇಇ ಎಂಬ ಹೆಸರುಗಳು ಮೊದಲ ದಿನದಿಂದಲೇ ಕಿವಿಗೆ ಬೀಳುವಾಗ, ತನಗೆ ಬೇಡದ ವಿಭಾಗದಲ್ಲಿ ಕುಳಿತಿರುವ ವಿದ್ಯಾರ್ಥಿಗೆ ಅದನ್ನು ಹೇಳಿಕೊಳ್ಳಲು ಅವಕಾಶ ಸಿಗಬೇಕಾದದ್ದು ಜೂನ್‌ನಲ್ಲಿಯೇ, ಏಕೆಂದರೆ ಪ್ರವೇಶದ ಅವಧಿ ಮುಗಿದ ಮೇಲೆ ಬದಲಾವಣೆ ಕಷ್ಟ. ಎಸ್ಎಸ್ಎಲ್‌ಸಿಯಲ್ಲಿ ಅನುತ್ತೀರ್ಣರಾದವರಿಗೂ ಈಗ ದಾರಿ ಮುಚ್ಚಿಲ್ಲ. ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ. ಆ ಅವಕಾಶವನ್ನು ಬಳಸಿಕೊಳ್ಳುವ ಮನಸ್ಸು ಉಳಿಯಬೇಕಾದರೆ ಗೆಳೆಯರೆಲ್ಲ ಕಾಲೇಜಿಗೆ ಹೊರಟ ವಾರದಲ್ಲಿ ಮನೆಯಲ್ಲಿ ಹೋಲಿಕೆಯ ಮಾತು ಕೇಳಿಬರಬಾರದು.

‘ಶಾಲೆಗೆ ಹೋಗೋದಿಲ್ಲ’ ಎಂಬುದರ ಹಿಂದೆ

ಮೊದಲ ವಾರದ ಅಳು ಅಥವಾ ಸಪ್ಪೆ ಮುಖ ಬಹುತೇಕ ಮಕ್ಕಳಲ್ಲಿ ತಾನಾಗಿ ಇಳಿಯುತ್ತದೆ. ಕೆಲವರಲ್ಲಿ ಮಾತ್ರ ಅದು ಇಳಿಯದೆ, ಶಾಲೆಯ ಹೊತ್ತಿಗೆ ಹೊಟ್ಟೆನೋವು, ತಲೆನೋವು, ವಾಂತಿ ಕಾಣಿಸಿಕೊಂಡು, ಮನೆಯಲ್ಲಿ ಉಳಿದೊಡನೆ ಅಥವಾ ಭಾನುವಾರ ಮಾಯವಾಗುತ್ತದೆ. ಮನಸ್ಸಿನ ಸಂಕಟ ದೇಹದಲ್ಲಿ ತೋರಿಕೊಳ್ಳುವ ಇಂಥ ಲಕ್ಷಣಗಳನ್ನು ಮನೋದೈಹಿಕ ಲಕ್ಷಣಗಳೆನ್ನುತ್ತಾರೆ. ಮಗು ನಟಿಸುತ್ತಿಲ್ಲ, ನೋವು ನಿಜವಾದದ್ದೇ. ಆದ್ದರಿಂದ ಮೊದಲು ವೈದ್ಯರಿಗೆ ತೋರಿಸಿ ದೈಹಿಕ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಂಡು, ಆಮೇಲೆ ಕಾರಣ ಹುಡುಕಬೇಕು. ಆತಂಕದಿಂದ ಶಾಲೆಯನ್ನು ಒಲ್ಲೆನೆನ್ನುವ ಈ ಸ್ಥಿತಿಯನ್ನು ಮನೋವಿಜ್ಞಾನ ಶಾಲಾ ನಿರಾಕರಣೆ ಎಂದು ಕರೆಯುತ್ತದೆ. ಮನೆಯವರಿಗೆ ತಿಳಿಯದಂತೆ ಶಾಲೆಗೆ ಚಕ್ಕರ್ ಹಾಕಿ ತಿರುಗುವುದಕ್ಕಿಂತ ಇದು ಬೇರೆ. ಇಲ್ಲಿ ಮಗು ಮನೆಯಲ್ಲೇ, ಮನೆಯವರ ಕಣ್ಣೆದುರಿಗೇ ಉಳಿಯುತ್ತದೆ.

ಅಮೆರಿಕದ ಮನೋವಿಜ್ಞಾನಿ ಕ್ರಿಸ್ಟೋಫರ್ ಕಿಯರ್ನಿ ಇಂಥ ವರ್ತನೆಯ ಹಿಂದೆ ನಾಲ್ಕು ಬಗೆಯ ಉದ್ದೇಶಗಳನ್ನು ಗುರುತಿಸಿದ್ದಾರೆ: ಶಾಲೆಯಲ್ಲಿ ಭಯ ಅಥವಾ ಸಂಕಟ ಹುಟ್ಟಿಸುವ ಸಂಗತಿಯಿಂದ ದೂರವಿರುವುದು, ಪರೀಕ್ಷೆ ಅಥವಾ ನಾಲ್ಕು ಜನರೆದುರು ಮಾತಾಡುವಂಥ ಸಂದರ್ಭಗಳಿಂದ ತಪ್ಪಿಸಿಕೊಳ್ಳುವುದು, ಮನೆಯವರ ಗಮನವನ್ನು ಸೆಳೆಯುವುದು, ಮನೆಯಲ್ಲಿ ಸಿಗುವ ಟಿವಿ, ಮೊಬೈಲ್‌ಗಳಂಥ ಸುಖವನ್ನು ಬಿಡಲಾಗದಿರುವುದು. ಕಾರಣ ಯಾವುದೆಂದು ತಿಳಿಯದೆ ಕೊಡುವ ಮದ್ದು ನಾಟುವುದಿಲ್ಲ. ಬಸ್ಸಿನಲ್ಲಿ ಪೀಡಿಸುವ ಹುಡುಗರಿಗೆ ಹೆದರಿದ ಮಗುವಿಗೆ ಬಹುಮಾನದ ಆಸೆ ತೋರಿಸುವುದೂ, ಮೊಬೈಲ್‌ಗಾಗಿ ಉಳಿಯುವ ಮಗುವಿನ ಮುಂದೆ ಶಾಲೆಯನ್ನು ದೂರುವುದೂ ಸಮನಾಗಿ ನಿಷ್ಫಲ. ಅಕ್ಷರಗಳನ್ನು ಬಿಡಿಸಿ ಓದುವುದರಲ್ಲಿ ಅಥವಾ ಲೆಕ್ಕದಲ್ಲಿ ಬಿಡದ ತೊಡಕಿರುವ ಮಗುವಿಗೆ ನಿರ್ದಿಷ್ಟ ಕಲಿಕಾ ನ್ಯೂನತೆ ಇರಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ಅದೂ ಸೇರಿದ್ದು, ಪರೀಕ್ಷಿಸಿ ದೃಢಪಟ್ಟರೆ ನೆರವು ಪಡೆಯುವುದು ಆ ಮಗುವಿನ ಹಕ್ಕು.

ಕಾರಣ ಏನೇ ಇದ್ದರೂ ದೀರ್ಘಕಾಲ ಮನೆಯಲ್ಲಿ ಉಳಿಸಿಕೊಳ್ಳುವುದು ಪರಿಹಾರವಲ್ಲ, ಏಕೆಂದರೆ ತಪ್ಪಿಸಿಕೊಂಡ ಪ್ರತಿ ದಿನವೂ ಭಯಕ್ಕೆ ಪಾಠದ ಬಾಕಿಯನ್ನು ಸೇರಿಸುತ್ತದೆ. ಮೊದಲು ಗೇಟಿನವರೆಗೆ, ಆಮೇಲೆ ಇಷ್ಟದ ಒಂದು ಪಾಠಕ್ಕೆ, ಆಮೇಲೆ ಅರ್ಧ ದಿನಕ್ಕೆ ಎಂಬಂತೆ ಹಂತಹಂತವಾಗಿ ಮರಳಿಸಲು ಶಿಕ್ಷಕರೊಂದಿಗೆ ಒಪ್ಪಂದ ಮಾಡಿಕೊಳ್ಳಬಹುದು. ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಭಯದ ಮೂಲ ಶಿಕ್ಷೆಯೇ ಆಗಿದ್ದರೆ ಹೊಂದಿಕೊಳ್ಳಬೇಕಾದದ್ದು ಮಗುವಲ್ಲ. ಎರಡು ವಾರ ಕಳೆದರೂ ನಿದ್ದೆ, ಊಟ, ಆಟಗಳಲ್ಲಿ ಆಸಕ್ತಿ ಮರಳದಿದ್ದರೆ ಅಥವಾ ಬದುಕು ಸಾಕೆಂಬ ಮಾತು ಒಮ್ಮೆಯಾದರೂ ಬಂದರೆ ಕಾಯದೆ ನೆರವು ಪಡೆಯಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದ ಟೆಲಿ ಮಾನಸ್ ಸಹಾಯವಾಣಿ 14416 ಹಗಲುರಾತ್ರಿ ಉಚಿತವಾಗಿ, ಕನ್ನಡದಲ್ಲಿಯೂ ದೊರೆಯುತ್ತದೆ.

ಚೀಲದ ಭಾರ, ಊಟದ ಬಲ

ಕರ್ನಾಟಕ ಸರ್ಕಾರದ 2019ರ ಆದೇಶದಂತೆ ಶಾಲಾ ಚೀಲದ ಗರಿಷ್ಠ ತೂಕ 1 ಮತ್ತು 2ನೆಯ ತರಗತಿಗೆ 2 ಕಿಲೋ, 3ರಿಂದ 5ಕ್ಕೆ 3 ಕಿಲೋ, 6ರಿಂದ 8ಕ್ಕೆ 4 ಕಿಲೋ, 9 ಮತ್ತು 10ಕ್ಕೆ 5 ಕಿಲೋ. ಮನೆಯ ತಕ್ಕಡಿಯಲ್ಲಿ ಒಮ್ಮೆ ಚೀಲವನ್ನು ತೂಗಿ ನೋಡುವ ಪೋಷಕರಿಗೆ ಶಾಲೆಯೊಂದಿಗೆ ಮಾತಾಡಲು ಗಟ್ಟಿ ಆಧಾರ ಸಿಗುತ್ತದೆ. 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಮೊದಲಾದ ಬಿಸಿಯೂಟದ ಅಕ್ಷರ ದಾಸೋಹ, ಹಾಲು ಕೊಡುವ 2013ರ ಕ್ಷೀರಭಾಗ್ಯ ಯೋಜನೆಗಳು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳ ಹೊಟ್ಟೆಯನ್ನು ನೋಡಿಕೊಂಡರೂ, ಬೆಳಿಗ್ಗೆ ಏನೂ ತಿನ್ನದೆ ಬಂದ ಮಗುವಿಗೆ ಮಧ್ಯಾಹ್ನದವರೆಗಿನ ಪಾಠ ತಲೆಗೆ ಹೋಗುವುದು ಕಷ್ಟ.

ಬಾರದವರ ಲೆಕ್ಕ

ಶಾಲೆ ತೆರೆದ ಮೇಲೆ ಹಾಜರಿ ಪುಸ್ತಕದಲ್ಲಿ ಹೆಸರಿದ್ದೂ ಬಾರದ ಮಕ್ಕಳ ಬಗ್ಗೆ ವಿಚಾರಿಸುವುದೇ ಮೊದಲ ತಿಂಗಳ ಬಹುಮುಖ್ಯ ಕೆಲಸ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಂದ ಬೆಂಗಳೂರು, ಮುಂಬೈ, ಪುಣೆ, ಗೋವಾಗಳ ಕಟ್ಟಡ ಕೆಲಸಕ್ಕೆ ಗುಳೆ ಹೋದ ಕುಟುಂಬಗಳು ಎಲ್ಲವೂ ಮೇ ಮುಗಿಯುವ ಹೊತ್ತಿಗೆ ಊರಿಗೆ ಮರಳಿರುವುದಿಲ್ಲ. ರಜೆಯ ಸಂಪಾದನೆಗೆಂದು ಗ್ಯಾರೇಜು, ಹೋಟೆಲು, ಇಟ್ಟಿಗೆ ಗೂಡಿಗೆ ಸೇರಿದ ಹುಡುಗ ಅಲ್ಲೇ ಉಳಿದುಬಿಡುವುದುಂಟು. ಬೇಸಿಗೆ ಮದುವೆಗಳ ಕಾಲವೂ ಆಗಿರುವುದರಿಂದ ಒಂಬತ್ತನೆಯ ತರಗತಿಗೆ ಬರಬೇಕಾದ ಹುಡುಗಿ ಬಾರದಿದ್ದರೆ ಶಿಕ್ಷಕರು ಅದರ ಅರ್ಥವನ್ನು ಬೇಗ ತಿಳಿಯಬೇಕು. ಹದಿನೆಂಟು ತುಂಬದ ಹುಡುಗಿಯ ಮದುವೆ ಕರ್ನಾಟಕದ 2016ರ ತಿದ್ದುಪಡಿಯ ಪ್ರಕಾರ ಆರಂಭದಿಂದಲೇ ಅಸಿಂಧು, ಆಕೆಗೆ ಶಾಲೆಗೆ ಮರಳುವ ಹಕ್ಕು ಹಾಗೆಯೇ ಉಳಿದಿರುತ್ತದೆ. ಇಂಥ ಸಂದರ್ಭಗಳಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು.

ತಡವಾಗಿ ಬಂದ ಮಗುವಿಗೆ ಕಾನೂನು ಬೆಂಬಲವಾಗಿ ನಿಂತಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗುವಿಗೆ ಪ್ರವೇಶದ ಅವಧಿ ಮುಗಿಯಿತೆಂದಾಗಲೀ, ವರ್ಗಾವಣೆ ಪತ್ರ ಬರಲು ತಡವಾಯಿತೆಂದಾಗಲೀ, ವಯಸ್ಸಿನ ದಾಖಲೆ ಇಲ್ಲವೆಂದಾಗಲೀ ಪ್ರವೇಶ ನಿರಾಕರಿಸುವಂತಿಲ್ಲ. ಎಂದೂ ಶಾಲೆಗೆ ಸೇರದ ಅಥವಾ ನಡುವೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು, ಸಹಪಾಠಿಗಳ ಮಟ್ಟಕ್ಕೆ ಬರಲು ವಿಶೇಷ ತರಬೇತಿ ಕೊಡಬೇಕೆಂದು ಅದರ 4ನೆಯ ಕಲಂ ಹೇಳುತ್ತದೆ. ಹತ್ತು ವರ್ಷದ ಮಗುವನ್ನು ಒಂದನೆಯ ತರಗತಿಯಲ್ಲಿ ಕೂರಿಸಿದರೆ ಅವಮಾನದಿಂದಲೇ ಅದು ಮತ್ತೆ ಬಿಟ್ಟುಹೋಗುತ್ತದೆಂಬ ತಿಳಿವಳಿಕೆ ಈ ನಿಯಮದ ಹಿಂದಿದೆ.

ಹೀಗೆ ನೋಡಿದರೆ ಮೊದಲ ತಿಂಗಳ ಕೆಲಸ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳುವುದು: ಮಗುವಿಗೆ ವಯಸ್ಸಿಗೆ ತಕ್ಕಷ್ಟು ನಿದ್ದೆ ಸಿಗುತ್ತಿದೆಯೇ, ಹಿಂದಿನ ತರಗತಿಗಳ ಯಾವ ಕಲಿಕೆ ಬಾಕಿಯಿದೆಯೆಂದು ಮನೆಗೂ ಶಾಲೆಗೂ ತಿಳಿದಿದೆಯೇ, ಕಷ್ಟ ಬಂದಾಗ ಹೇಳಿಕೊಳ್ಳಲು ಶಾಲೆಯಲ್ಲಿ ಒಬ್ಬ ಗೆಳೆಯ ಅಥವಾ ಗೆಳತಿ, ಒಬ್ಬ ಶಿಕ್ಷಕ ಅಥವಾ ಶಿಕ್ಷಕಿ ಇದ್ದಾರೆಯೇ. ಇವುಗಳಲ್ಲಿ ಯಾವುದಕ್ಕೆ ಇಲ್ಲವೆಂಬ ಉತ್ತರ ಬಂದರೂ ಪೋಷಕರೂ ಶಿಕ್ಷಕರೂ ಕೂಡಿ ಅದನ್ನು ಸರಿಪಡಿಸಿಕೊಳ್ಳಬೇಕಾದದ್ದು ಮೊದಲ ರೂಪಣಾತ್ಮಕ ಮೌಲ್ಯಮಾಪನಕ್ಕೆ ಮುನ್ನವೇ. ಅಂಕಗಳು ಬಂದ ಮೇಲೆ ಎಲ್ಲರ ಮಾತೂ ಅಂಕಗಳ ಸುತ್ತಲೇ ತಿರುಗತೊಡಗುವುದರಿಂದ, ಅದರ ಹಿಂದಿನ ಕಾರಣವನ್ನು ಕೇಳಲು ಯಾರಿಗೂ ಬಿಡುವಿರುವುದಿಲ್ಲ.